ತುಕ್ಕು ತಿಂದ ಪೈಪಿಗೆ ಎಪಾಕ್ಸಿ ಮತ್ತು ಫೈಬರ್ ಸುತ್ತು: ಎರಡು ಸಲ ಮೆತ್ತಿದ ಪುಟ್ಟಿ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಪಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ 4 ಇಂಚಿನ ಉಕ್ಕಿನ ಪೈಪು ನಮ್ಮದು. ತಣ್ಣೀರು, ಒತ್ತಡ ಸುಮಾರು 6 ಬಾರ್, ಕುಡಿಯಲು ಬಳಸುವ ನೀರಲ್ಲ. ಪೈಪು ಆ್ಯಂಗಲ್ ಸಪೋರ್ಟಿನ ಮೇಲೆ ಕೂತಿರುವ ಜಾಗದಲ್ಲಿ ಸುಮಾರು 100 ಮಿ.ಮೀ. ಉದ್ದಕ್ಕೆ ತುಕ್ಕು ತಿಂದಿದೆ. ತಳದಲ್ಲಿ ಒಂದು ಸಣ್ಣ ತೂತೂ ಆಗಿದೆ. ಎರಡು ಸಲ ಎಪಾಕ್ಸಿ ಪುಟ್ಟಿ ಮೆತ್ತಿದೆವು, ಎರಡು ಸಲವೂ ಕೆಲವೇ ವಾರಗಳಲ್ಲಿ ಅಂಚಿನಿಂದ ನೀರು ಜಿನುಗಿತು. ಈಗ ಫೈಬರ್‌ಗ್ಲಾಸ್ ಬಟ್ಟೆ ಸುತ್ತಿಸಿ ಎನ್ನುತ್ತಿದ್ದಾರೆ. ಆ ಜಾಗದಲ್ಲಿ ವೆಲ್ಡಿಂಗ್ ಮಾಡುವಂತಿಲ್ಲ. ಸುತ್ತು ನಿಲ್ಲುತ್ತದೆಯೇ? ಎಷ್ಟು ಪದರ, ಎಷ್ಟು ರೆಸಿನ್, ಎಷ್ಟು ವರ್ಷ ಬಾಳಿಕೆ?

ಉತ್ತರ: ನಿಲ್ಲುತ್ತದೆ. ಆದರೆ ನಿಲ್ಲಿಸುವುದು ಬಟ್ಟೆಯ ಪದರಗಳಲ್ಲ, ಪೈಪಿನ ಮೈಗೂ ಮೊದಲ ಪದರಕ್ಕೂ ನಡುವೆ ಇರುವ ಅಂಟು. ನಿಮ್ಮ ಪುಟ್ಟಿ ಎರಡು ಸಲ ಸೋತದ್ದೂ ಅಲ್ಲೇ. ಆ ಕಾರಣ ಸರಿಯಾಗದೆ ಅದರ ಮೇಲೆ ಇಪ್ಪತ್ತು ಪದರ ಸುತ್ತಿದರೂ ನೀರು ಬಟ್ಟೆಯಡಿಯಲ್ಲಿ ಹರಿದು ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಎಲ್ಲಿ ಸೋರುತ್ತಿದೆ ಎಂಬುದೂ ಆಗ ತಿಳಿಯುವುದಿಲ್ಲ.

ಮೊದಲು ಕಿತ್ತು ಬಂದ ಪುಟ್ಟಿಯ ತುಂಡನ್ನು ಎಸೆಯದೆ ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಿಂಬದಿಗೆ ಕಂದು ಪುಡಿ, ಹಕ್ಕಳೆ ಅಂಟಿಕೊಂಡಿದ್ದರೆ ಪುಟ್ಟಿ ಲೋಹವನ್ನು ಹಿಡಿದಿರಲಿಲ್ಲ, ತುಕ್ಕನ್ನು ಹಿಡಿದಿತ್ತು. ತುಕ್ಕು ಪೈಪನ್ನು ಬಿಟ್ಟಿತು, ಪುಟ್ಟಿಯೂ ಬಿಟ್ಟಿತು. ಹಿಂಬದಿ ನಯವಾಗಿ, ಹೊಳಪಾಗಿ, ಏನೂ ಅಂಟದೆ ಬಂದಿದ್ದರೆ ಹಚ್ಚುವಾಗ ಮೈ ಒದ್ದೆಯಿತ್ತು ಅಥವಾ ಎಣ್ಣೆ ಜಿಡ್ಡಿತ್ತು. ಉಗುರಿನಲ್ಲಿ ಒತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿದ್ದರೆ ಅಥವಾ ಒಳಗೆ ಬೇರೆ ಬಣ್ಣದ ಗೆರೆಗಳು ಕಂಡರೆ ಎಪಾಕ್ಸಿಯ ಎರಡು ಭಾಗಗಳು, ಅಂದರೆ ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್, ಸರಿಯಾಗಿ ಬೆರೆತಿಲ್ಲ. ಪುಟ್ಟಿಯ ಅರ್ಧ ಪೈಪಿಗೇ ಅಂಟಿಕೊಂಡು ನಡುವೆ ಸೀಳಿದ್ದರೆ ಮಾತ್ರ ಅಂಟು ಚೆನ್ನಾಗಿತ್ತು, ಪೈಪಿನ ಅಲುಗಾಟಕ್ಕೋ ಒತ್ತಡಕ್ಕೋ ಪುಟ್ಟಿ ಒಡೆಯಿತು ಎಂದರ್ಥ. ಅಂಚಿನಿಂದ ಜಿನುಗಿತು ಎಂದು ನೀವು ಬರೆದಿರುವುದರಿಂದ ನನ್ನ ಊಹೆ ಮೊದಲ ಎರಡರಲ್ಲಿ ಒಂದು.

ಅಂಚಿನ ಜಿನುಗನ್ನು ಹಗುರವಾಗಿ ಕಾಣಬಾರದು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 6 ಬಾರ್ ಎಂದರೆ ಪ್ರತಿ ಚದರ ಮಿ.ಮೀ.ಗೆ 0.6 ನ್ಯೂಟನ್. 5 ಮಿ.ಮೀ. ತೂತಿನ ಮೂಲಕ ನೀರು ಪುಟ್ಟಿಯನ್ನು ಹೊರಕ್ಕೆ ನೂಕುವ ಬಲ ಸುಮಾರು 12 ನ್ಯೂಟನ್, ಅಂದರೆ ಒಂದೂಕಾಲು ಕಿಲೋ ತೂಕದಷ್ಟು. ಇದನ್ನು ಯಾವ ಅಂಟಾದರೂ ತಡೆಯುತ್ತದೆ. ಆದರೆ ತೂತಿನ ಸುತ್ತ ಅಂಟು ಬಿಟ್ಟು ನೀರು 50 ಮಿ.ಮೀ. ಅಗಲದ ವೃತ್ತಕ್ಕೆ ಹರಡಿತು ಎನ್ನಿ, ಅದೇ ಒತ್ತಡ ಈಗ ಸುಮಾರು 1,180 ನ್ಯೂಟನ್, ಅಂದರೆ 120 ಕಿಲೋ ಬಲದಿಂದ ನೂಕುತ್ತದೆ. ಅದೂ ನೇರವಾಗಿ ಎಳೆಯುವ ಬಲವಲ್ಲ, ಅಂಚಿನಿಂದ ಸುಲಿಯುವ ಬಲ. ಎಪಾಕ್ಸಿ ಪಕ್ಕಕ್ಕೆ ಜಾರಿಸುವ ಬಲಕ್ಕೆ ಗಟ್ಟಿ, ಸುಲಿತಕ್ಕೆ ದುರ್ಬಲ. ಸ್ಟಿಕ್ಕರನ್ನು ಮೂಲೆಯಿಂದ ಹಿಡಿದೆಳೆದ ಹಾಗೆ ಒಮ್ಮೆ ಬಿಡಲು ಶುರುವಾದರೆ ಮುಂದೆ ಮುಂದೆ ಸುಲಭವಾಗುತ್ತದೆ. ಪುಟ್ಟಿ ವಾರಗಟ್ಟಲೆ ಒಣಗಿಯೇ ಇದ್ದು ಒಂದು ದಿನ ಇದ್ದಕ್ಕಿದ್ದಂತೆ ಕಳಚುವುದು ಇದೇ ಕಾರಣಕ್ಕೆ.

ಇನ್ನು, ತುಕ್ಕು ಹೊರಗಿನದೋ ಒಳಗಿನದೋ? ಸಾಮಾನು ತರುವ ಮೊದಲು ಇದು ತೀರ್ಮಾನವಾಗಬೇಕು. ಸಪೋರ್ಟಿನ ಮೇಲೆ ಕೂತ ಜಾಗದಲ್ಲಿ ಪೈಪಿಗೂ ಆ್ಯಂಗಲ್‌ಗೂ ನಡುವಿನ ಸಂದಿಯಲ್ಲಿ ನೀರು ನಿಂತು, ಪೈಂಟು ಉಜ್ಜಿಹೋಗಿ, ಹೊರಗಿನಿಂದ ತುಕ್ಕು ತಿನ್ನುವುದು ತುಂಬ ಸಾಮಾನ್ಯ. ನಿಮ್ಮದು ಅದೇ ಇರಬಹುದು. ಆದರೆ ಅದೇ ಜಾಗ ಪೈಪಿನ ತಳವೂ ಹೌದು. ಒಳಗೆ ಕೆಸರು ಕೂತು ಅದರಡಿಯಲ್ಲಿ ತುಕ್ಕು ಹಿಡಿಯುವುದೂ ತಳದಲ್ಲೇ. ಅಲ್ಟ್ರಾಸಾನಿಕ್ ದಪ್ಪ ಅಳೆಯುವ ಮೀಟರು ತಂದು ಗಡಿಯಾರದ ಹನ್ನೆರಡು ಗಂಟೆಗಳ ಜಾಗದಲ್ಲಿ ಪೈಪಿನ ಸುತ್ತ ಅಳೆಯಿರಿ. ಸಪೋರ್ಟಿನಿಂದ ಅರ್ಧ ಮೀಟರ್ ಆಚೆ, ಹೊರಗೆ ಪೈಂಟು ಚೆನ್ನಾಗಿರುವ ಕಡೆಯೂ ಅಳೆಯಿರಿ. 4 ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪ ಹೇಳುವ ದರ್ಜೆ) ಪೈಪಿನ ಹೊರವ್ಯಾಸ 114.3 ಮಿ.ಮೀ., ಗೋಡೆಯ ದಪ್ಪ 6 ಮಿ.ಮೀ. ಹೊರಗೆ ಚೆನ್ನಾಗಿರುವ ಕಡೆ 5.5ರ ಮೇಲೆ ಬಂದರೆ ತುಕ್ಕು ಹೊರಗಿನದು. ಅಲ್ಲೂ ತಳದಲ್ಲಿ 3, 3.5 ಎಂದು ತೋರಿಸಿದರೆ ಪೈಪು ಒಳಗಿನಿಂದ ಉದ್ದಕ್ಕೂ ಸವೆಯುತ್ತಿದೆ; ಸುತ್ತು ಹಾಕಿ ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಆಗ ಸುತ್ತನ್ನು ಪೈಪು ಬದಲಿಸುವ ತನಕದ ಏರ್ಪಾಡು ಎಂದಷ್ಟೇ ತಿಳಿಯಿರಿ. ಹೊರಗಿನ ತುಕ್ಕನ್ನು ಸುತ್ತು ನೀರು, ಗಾಳಿ ತಾಕದಂತೆ ಮುಚ್ಚಿ ನಿಲ್ಲಿಸುತ್ತದೆ. ಒಳಗಿನದನ್ನು ನಿಲ್ಲಿಸುವುದಿಲ್ಲ.

ದಪ್ಪ ನೋಡಲು ಸುತ್ತಿಗೆಯಲ್ಲಿ ಬಡಿಯುವ ಅಭ್ಯಾಸ ಕೆಲವರಿಗಿದೆ. ಒತ್ತಡವಿರುವ ಲೈನಿನಲ್ಲಿ ಅದು ಬೇಡ. ಸೂಜಿಯಷ್ಟಿದ್ದ ತೂತು ಹೆಬ್ಬೆರಳಷ್ಟಾಗಲು ಒಂದೇ ಏಟು ಸಾಕು.

ಎಷ್ಟು ಪದರ ಎಂಬುದಕ್ಕೆ ಬರೋಣ. ಇಂಥ ದುರಸ್ತಿಗೆ ಐಎಸ್‌ಒ 24817 ಮತ್ತು ಎಎಸ್‌ಎಂಇ ಪಿಸಿಸಿ-2 ಎಂಬ ಎರಡು ಮಾನದಂಡಗಳಿವೆ. ಎರಡರ ಲೆಕ್ಕವೂ ಬಟ್ಟೆಯ ಮುರಿಯುವ ಬಲವನ್ನಲ್ಲ, ಅದು ಎಷ್ಟು ಹಿಗ್ಗಲು ಬಿಡಬಹುದು ಎಂಬುದನ್ನು ಹಿಡಿದು ನಡೆಯುತ್ತದೆ. ಸದಾ ಒತ್ತಡವಿರುವ ಲೈನಿಗೆ 0.25 ಶೇಕಡಾ ಹಿಗ್ಗು ಎಂದಿಟ್ಟುಕೊಳ್ಳಿ. ಕೈಯಲ್ಲೇ ರೆಸಿನ್ ಹಚ್ಚಿ ಸುತ್ತಿದ ಗಾಜಿನ ನೇಯ್ಗೆಯ ಬಿಗಿತ ಸುಮಾರು 15 ಗಿಗಾಪಾಸ್ಕಲ್, ಉಕ್ಕಿನದು 200. ಹಾಗಾದರೆ ಬಟ್ಟೆಯ ಸುತ್ತು ಹೊರಬಹುದಾದ ತುಯ್ತ, ಅಂದರೆ ಪ್ರತಿ ಚದರ ಮಿ.ಮೀ.ಗೆ ಬೀಳುವ ಎಳೆತ, 37 ಮೆಗಾಪಾಸ್ಕಲ್. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಆ ತುಯ್ತದ ಎರಡರಷ್ಟರಿಂದ ಭಾಗಿಸಿದರೆ ಬೇಕಾದ ದಪ್ಪ ಬರುತ್ತದೆ: 0.6 ಗುಣಿಸು 114.3, ಭಾಗಿಸು 74, ಸರಿಸುಮಾರು 0.9 ಮಿ.ಮೀ. ಚದರ ಮೀಟರಿಗೆ 300 ಗ್ರಾಂ ತೂಗುವ ನೇಯ್ದ ಬಟ್ಟೆ ರೆಸಿನ್ ಸಮೇತ ಪದರಕ್ಕೆ 0.38 ಮಿ.ಮೀ. ಆಗುತ್ತದೆ. ಅಂದರೆ ಪೈಪಿನ ಉಕ್ಕನ್ನು ಲೆಕ್ಕಕ್ಕೇ ಹಿಡಿಯದಿದ್ದರೂ ಮೂರು ಪದರ ಒತ್ತಡವನ್ನು ಹೊರುತ್ತದೆ. ನೀವು ಎಂಟು ಹಾಕಿ, ಸುಮಾರು 3 ಮಿ.ಮೀ. ಆಗುತ್ತದೆ. ಹೆಚ್ಚಿನ ಐದು ಬಲಕ್ಕಲ್ಲ. ತೂತಿನ ಮೇಲೆ ಸುತ್ತು ಉಬ್ಬಿ ಅಂಚಿನಲ್ಲಿ ಸುಲಿಯದಂತೆ ಬಿಗಿತಕ್ಕೆ, ಮತ್ತು ಕೈಕೆಲಸದಲ್ಲಿ ಉಳಿಯುವ ಗಾಳಿಗುಳ್ಳೆಯ ಪರಿಹಾರಕ್ಕೆ. ಹದಿನೈದು ಹಾಕಿದರೆ ಅಂಟು ಇನ್ನೂ ಗಟ್ಟಿಯಾಗುವುದಿಲ್ಲ, ಬಿಸಿಲು–ಚಳಿಗೆ ಹಿಗ್ಗಿ ಕುಗ್ಗುವಾಗ ಅಂಚಿನ ಮೇಲೆ ಎಳೆತ ಹೆಚ್ಚುತ್ತದೆ.

ಕಾರ್ಬನ್ ಫೈಬರ್ ಬೇಕೇ? ಈ ಒತ್ತಡಕ್ಕೆ ಬೇಡ. ಕಾರ್ಬನ್ ವಿದ್ಯುತ್ ವಾಹಕ. ಉಕ್ಕಿಗೆ ನೇರ ತಾಗಿ ನಡುವೆ ತೇವ ಸೇರಿದರೆ ಉಕ್ಕನ್ನೇ ಬೇಗ ತಿನ್ನಿಸುತ್ತದೆ. ಬಳಸಲೇಬೇಕಾದ ಕಡೆ ಮೊದಲ ಪದರ ಗಾಜಿನದಿರಬೇಕು.

ಬಟ್ಟೆ ತರುವಾಗ ಕತ್ತರಿಸಿದ ಎಳೆಗಳ ಚಾಪೆಯಂಥ ಮ್ಯಾಟ್ ಬೇಡ, ನೇಯ್ದದ್ದೇ ಬೇಕು. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟ್ ಸೆಟೆದು ನಿಲ್ಲುತ್ತದೆ, ಪೈಪಿನ ದುಂಡಗೆ ಬಗ್ಗುವುದಿಲ್ಲ. ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ನನ್ನೇ ತಂದರೆ ಮ್ಯಾಟ್ ಬಗ್ಗೀತು, ಆದರೆ ಪಾಲಿಯೆಸ್ಟರ್ ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ, ಉಕ್ಕನ್ನು ಹಿಡಿಯುವುದೂ ಕಡಿಮೆ. ನೀರಿನಲ್ಲಿ ಅದ್ದಿ ಸುತ್ತುವ ಪಾಲಿಯುರೆಥೇನ್ ಪಟ್ಟಿಗಳು ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತವೆ, ತುರ್ತಿಗೆ ಒಳ್ಳೆಯವು. ಆದರೆ ಅವು ಪೈಪಿಗೆ ಅಂಟುವುದಕ್ಕಿಂತ ಹೆಚ್ಚಾಗಿ ಪೈಪನ್ನು ಬಿಗಿದು ಹಿಡಿಯುತ್ತವೆ. ತೂತಿನ ಮೇಲೆ ಮೊದಲು ಎಪಾಕ್ಸಿ ಕೂರಿಸದೆ ಅವುಗಳನ್ನೇ ನಂಬಬೇಡಿ.

ಅಳತೆಗಳು: ತುಕ್ಕು ತಿಂದ 100 ಮಿ.ಮೀ.ನ ಎರಡೂ ಕಡೆ ಗಟ್ಟಿ ಲೋಹದ ಮೇಲೆ ಕನಿಷ್ಠ 50 ಮಿ.ಮೀ. ಸುತ್ತು ಹತ್ತಬೇಕು. 100 ಇಟ್ಟುಕೊಳ್ಳಿ, ಒಟ್ಟು ಅಗಲ 300 ಮಿ.ಮೀ. ಪೈಪಿನ ಸುತ್ತಳತೆ 359 ಮಿ.ಮೀ.; ಪದರ ಏರಿದಂತೆ ಸುತ್ತಳತೆಯೂ ಏರುವುದರಿಂದ ಎಂಟು ಸುತ್ತಿಗೆ 3 ಮೀಟರ್ ಉದ್ದ ಬೇಕು. ಬಟ್ಟೆ 0.9 ಚದರ ಮೀಟರ್, ತೂಕ 270 ಗ್ರಾಂ. ರೆಸಿನ್ ಮತ್ತು ಹಾರ್ಡನರ್ ಸೇರಿ ಬಟ್ಟೆಯಷ್ಟೇ ತೂಕ, ಜೊತೆಗೆ ಪಾತ್ರೆಗೆ ಬ್ರಷ್ಷಿಗೆ ಅಂಟುವ ಲೆಕ್ಕದಲ್ಲಿ ಐದನೇ ಒಂದು ಭಾಗ, ಪೈಪಿನ ಮೈಗೆ ಮೊದಲು ಹಚ್ಚುವುದು ಸ್ವಲ್ಪ: 350ರಿಂದ 375 ಗ್ರಾಂ. ಇದನ್ನು ಒಂದೇ ಲೋಟದಲ್ಲಿ ಬೆರೆಸಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಆಳದ ಲೋಟದಲ್ಲಿ ಹೆಚ್ಚು ಇದ್ದಷ್ಟೂ ಬಿಸಿ ಹೊರಹೋಗದೆ ಕೆಲವೇ ನಿಮಿಷದಲ್ಲಿ ಹೊಗೆಯಾಡಿ ಕಲ್ಲಾಗುತ್ತದೆ. ಎರಡು ಕಂತಿನಲ್ಲಿ, ಅಗಲ ತಟ್ಟೆಯಲ್ಲಿ ಬೆರೆಸಿ. ಹವೆ 10 ಡಿಗ್ರಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದೂ ನೆನಪಿರಲಿ. ಡಬ್ಬಿಯ ಮೇಲಿನ ಪ್ರಮಾಣ ತೂಕದ್ದೋ ಅಳತೆಯದ್ದೋ ಓದಿಕೊಳ್ಳಿ. ಹಾರ್ಡನರ್ ಸಾಮಾನ್ಯವಾಗಿ ರೆಸಿನ್ನಿಗಿಂತ ಹಗುರ, ಒಂದರ ಬದಲು ಇನ್ನೊಂದು ಹಿಡಿದರೆ ಪ್ರಮಾಣ ತಪ್ಪುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವುದು ಪಾಲಿಯೆಸ್ಟರ್ ಕೆಲಸದವರಿಂದ ಬಂದ ಅಭ್ಯಾಸ. ಎಪಾಕ್ಸಿಯಲ್ಲಿ ಹೆಚ್ಚಾದ ಹಾರ್ಡನರ್ ಹಾಗೇ ಉಳಿದು ಸುತ್ತನ್ನು ಮೆತ್ತಗೆ ಮಾಡುತ್ತದೆ.

ಈಗ ಮೈ ಸಿದ್ಧಪಡಿಸುವುದು. ನಿಮ್ಮ ಒಟ್ಟು ಸಮಯದ ಮುಕ್ಕಾಲು ಪಾಲು ಇಲ್ಲಿಗೇ ಹೋಗಬೇಕು. ಪಂಪು ನಿಲ್ಲಿಸಿ, ಎರಡೂ ಕಡೆಯ ವಾಲ್ವ್ ಮುಚ್ಚಿ, ನಡುವಿನ ನೀರನ್ನು ತಗ್ಗಿನಿಂದ ಬಸಿದು, ಮೇಲೆ ಗಾಳಿಗೆ ಬಾಯಿ ತೆರೆದಿಡಿ. ಮೇಲಿನ ವಾಲ್ವ್ ಪೂರ್ತಿ ಕೂರದೆ ಹನಿ ಬಿಡುತ್ತಿದ್ದರೆ ಟ್ಯಾಂಕೇ ಖಾಲಿಯಾಗಬೇಕು. ತೂತಿನಿಂದ ನಿಮಿಷಕ್ಕೆ ಒಂದು ಹನಿ ಬರುತ್ತಿದ್ದರೂ ಅಂಟು ಹಿಡಿಯುವುದಿಲ್ಲ. ಪೈಪಿಗೆ ತಾತ್ಕಾಲಿಕ ಆಸರೆ ಕೊಟ್ಟು ಸಪೋರ್ಟಿನಿಂದ ಎತ್ತಿ, ಸುತ್ತಲೂ ಕೈ ಆಡುವಷ್ಟು ಜಾಗ ಮಾಡಿಕೊಳ್ಳಿ.

ಹಳೆ ಪುಟ್ಟಿ, ಪೈಂಟು, ಹಕ್ಕಳೆ ಎಲ್ಲ ತೆಗೆಯಿರಿ. ಸಿಹಿನೀರಿನಲ್ಲಿ ಗಟ್ಟಿ ಬ್ರಷ್ ಹಿಡಿದು ತೊಳೆಯಿರಿ. ಗುಳಿಯ ತಳದಲ್ಲಿ ಉಳಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಅದು ಅಂಟಿನ ಮೂಲಕ ತೇವವನ್ನು ಎಳೆದುಕೊಂಡು ಮುಂದೆ ಹೊಪ್ಪಳೆ ಎಬ್ಬಿಸುತ್ತದೆ. ಒಣಗಿಸಿ, ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ. ಜಿಡ್ಡು ತೆಗೆಯುವುದು ಗ್ರೈಂಡಿಂಗಿಗೆ ಮೊದಲು. ಇಲ್ಲದಿದ್ದರೆ ಡಿಸ್ಕ್ ಅದನ್ನು ಲೋಹದ ಗೀರುಗಳೊಳಕ್ಕೆ ತುರುಕುತ್ತದೆ. ಅಸಿಟೋನ್ ಆವಿ ಪೂರ್ತಿ ಹೋಗುವವರೆಗೆ ಗ್ರೈಂಡರ್ ಹಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಸ್ಯಾಂಡ್ ಬ್ಲಾಸ್ಟಿಂಗ್ ಸಾಧ್ಯವಿದ್ದರೆ ಅದೇ ಉತ್ತಮ. ಎಸ್‌ಎ 2½ ದರ್ಜೆ, ಅಂದರೆ ಹೆಚ್ಚುಕಡಿಮೆ ಬಿಳಿ ಲೋಹ. ಆದರೆ ಗೋಡೆ ಹಾಳೆಯಷ್ಟು ತೆಳುವಾದ ಕಡೆ ಬ್ಲಾಸ್ಟಿಂಗ್ ತೂತನ್ನು ದೊಡ್ಡದು ಮಾಡುತ್ತದೆ, ಅಲ್ಲಿ ಹುಷಾರು. ಗ್ರೈಂಡರ್ ಮಾತ್ರ ಇದ್ದರೆ 40 ಅಥವಾ 60 ಗ್ರಿಟ್ ಫ್ಲಾಪ್ ಡಿಸ್ಕಿನಲ್ಲಿ ಹೊಳೆಯುವ ಲೋಹ ಕಾಣುವ ತನಕ ತೆಗೆದು, ಕೊನೆಗೆ 40 ಗ್ರಿಟ್ ಕಾಗದದಲ್ಲಿ ಕೈಯಿಂದ ಅಡ್ಡಡ್ಡ ಗೀರಿ. ವೈರ್ ಬ್ರಷ್ ಒಂದರಲ್ಲೇ ಮುಗಿಸಿದರೆ ಮೈ ಮಿರುಗುತ್ತದೆ, ಹಿಡಿತ ಇರುವುದಿಲ್ಲ. ತುಕ್ಕನ್ನು ಅದು ತೆಗೆಯುವುದಕ್ಕಿಂತ ಹೆಚ್ಚು ಪಾಲಿಶ್ ಮಾಡುತ್ತದೆ. ಅಂಟಿಗೆ ಬೇಕಾದ ಒರಟು 60 ಮೈಕ್ರಾನ್ ಮೇಲ್ಪಟ್ಟು, ಬೆರಳಾಡಿಸಿದರೆ ತರಿತರಿಯಾಗಿ ತಾಗಬೇಕು. ಗುಳಿಗಳ ಒಳಗಿನ ಕಪ್ಪು ಕಲೆಗೆ ಸಣ್ಣ ಬರ್ ಬಿಟ್ (ತಿರುಗುತ್ತ ಕೆರೆಯುವ ಮೊನೆ) ಹಾಕಿ.

ಮೈ ಶುಚಿಯಾಯಿತೇ ನೋಡಲು ಶುದ್ಧ ನೀರು ಚಿಮುಕಿಸಿ. ನೀರು ತೆಳುಪರದೆಯಾಗಿ ಹರಡಿದರೆ ಸರಿ. ಹನಿಹನಿಯಾಗಿ ಗುಂಡಗೆ ನಿಂತರೆ ಜಿಡ್ಡಿದೆ, ಅಸಿಟೋನಿಗೆ ವಾಪಸ್. ಪರೀಕ್ಷೆಯ ನಂತರ ತಕ್ಷಣ ಒಣಗಿಸಿ, ಮತ್ತೊಮ್ಮೆ ಬೇಗ ಉಜ್ಜಿ. ಬರಿ ಲೋಹವನ್ನು 4 ಗಂಟೆಗಿಂತ ಹೆಚ್ಚು ಬಿಡಬೇಡಿ. ತೇವದ ಹವೆಯಲ್ಲಿ ಅದಕ್ಕೂ ಮೊದಲೇ ನಸುಕೆಂಪು ತುಕ್ಕು ಮೂಡುತ್ತದೆ. ಪೈಪಿನ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಗಾಳಿಯ ತೇವ 85 ಶೇಕಡಾ ದಾಟಿರಬಾರದು. ತಣ್ಣೀರಿದ್ದ ಪೈಪು ಬೆಳಗಿನ ಹೊತ್ತು ಬೆವರುವುದು ಇದೇ ಗಡಿಯಲ್ಲಿ. ಒರೆಸಿದ ಮೇಲೂ ಆ ತೇವ ಮತ್ತೆ ಕೂರುತ್ತದೆ, ಕಾಣಿಸುವುದೇ ಇಲ್ಲ. ಬಿಸಿಗಾಳಿ ಗನ್ನಿನಲ್ಲಿ ಕೈಗೆ ಬೆಚ್ಚಗೆ ಅನ್ನಿಸುವಷ್ಟು ಕಾಯಿಸಿಕೊಳ್ಳಿ.

ತೂತಿನ ಮೇಲೆ ಬಟ್ಟೆಯನ್ನು ನೇರ ಸುತ್ತಬೇಡಿ. ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಪೇಸ್ಟನ್ನು ಗುಳಿಗಳಿಗೆ ಒತ್ತಿ ತುಂಬಿ. ಮೊದಲ ತೆಳು ಲೇಪವನ್ನು ಕರಣೆಯಿಂದ ಒತ್ತಿ ಉಜ್ಜಿ, ಆಮೇಲೆ ಮೇಲೆ ಏರಿಸಿ. ನಂತರ 1 ಮಿ.ಮೀ. ತಗಡನ್ನು ಪೈಪಿನ ದುಂಡಗೆ ಬಗ್ಗಿಸಿ, ತೂತಿನ ಸುತ್ತ ಎಲ್ಲ ಕಡೆ 25 ಮಿ.ಮೀ. ಹತ್ತುವಂತೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಎರಡೂ ಮೈ ಒರಟು ಮಾಡಿ ಅದೇ ಪೇಸ್ಟಿನಲ್ಲಿ ಕೂರಿಸಿ. ಪ್ಲಾಸ್ಟಿಕ್ ಹಾಳೆ ಹಾಕಿ ಹೋಸ್ ಕ್ಲಿಪ್ಪಿನಲ್ಲಿ ಬಿಗಿದಿಡಿ, ಗಟ್ಟಿಯಾದ ಮೇಲೆ ಕ್ಲಿಪ್ ತೆಗೆಯಿರಿ. ನೀರಿನ ಒತ್ತಡ ಈಗ ಮೆತ್ತನೆಯ ಬಟ್ಟೆಯ ಬದಲು ತಗಡಿಗೆ ಬೀಳುತ್ತದೆ, ಉಬ್ಬುವ ಆಟ ಅಲ್ಲೇ ನಿಲ್ಲುತ್ತದೆ. ತಗಡಿನ ಅಂಚಿನ ಮೆಟ್ಟಿಲನ್ನು ಪೇಸ್ಟಿನಿಂದ ಇಳಿಜಾರು ಮಾಡಿ. ಇಲ್ಲದಿದ್ದರೆ ಬಟ್ಟೆ ಅಲ್ಲಿ ಪೈಪಿಗೆ ತಾಗದೆ ಸೇತುವೆಯಾಗಿ ನಿಂತು ಒಳಗೆ ಟೊಳ್ಳು ಉಳಿಯುತ್ತದೆ. ಪೇಸ್ಟ್ ಗಟ್ಟಿಯಾದ ಮೇಲೆ ಅದರ ಮೇಲ್ಮೈಯಲ್ಲಿ ಮೇಣದಂಥ ಜಾರು ಪದರ ಕಂಡರೆ ಹಾರ್ಡನರ್ ತೇವದ ಗಾಳಿಯ ಜೊತೆ ಸೇರಿ ಆದದ್ದು. ಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜಿ, ಒಣಗಿಸಿಯೇ ಮುಂದುವರಿಯಿರಿ.

ಸುತ್ತುವಾಗ ನೈಟ್ರೈಲ್ ಕೈಗವಸು ಕಡ್ಡಾಯ. ಎಪಾಕ್ಸಿಯ ಅಲರ್ಜಿ ಒಮ್ಮೆ ಮೈಗೆ ಹತ್ತಿದರೆ ಹೋಗುವುದಿಲ್ಲ. ಪೈಪಿಗೆ ರೆಸಿನ್ ತೆಳುವಾಗಿ ಉಜ್ಜಿ ಹಚ್ಚಿ. ಬಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಸಿ, ರೆಸಿನ್ ಸುರಿದು ರಬ್ಬರ್ ಪಟ್ಟಿಯಿಂದ ಎಳೆದು ನೆನೆಸಿ. ಬಿಳಿ ಬಟ್ಟೆ ಪಾರದರ್ಶಕವಾದರೆ ನೆನೆದಿದೆ, ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ. ಎಳೆದು ಬಿಗಿಯಾಗಿ ಸುತ್ತಿ, ಪ್ರತಿ ಸುತ್ತಿಗೂ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಗಾಳಿ ದೂಡಿ. ಕೊನೆಯ ನಾಲ್ಕೈದು ಸುತ್ತುಗಳ ಅಗಲವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ ತುದಿಯಲ್ಲಿ ಇಳಿಜಾರು ಬಂದು ಸುಲಿತ ಕಡಿಮೆಯಾಗುತ್ತದೆ. ಮೇಲೆ ಸ್ಟ್ರೆಚ್ ಫಿಲ್ಮ್ ಬಿಗಿದು, ಸೂಜಿಯಿಂದ ಅಲ್ಲಲ್ಲಿ ಚುಚ್ಚಿ. ಹೆಚ್ಚಿನ ರೆಸಿನ್ ಹನಿಹನಿಯಾಗಿ ಹೊರಬರುತ್ತದೆ.

25 ಡಿಗ್ರಿಯಲ್ಲಿ 24 ಗಂಟೆ ಒತ್ತಡ ಕೊಡಬೇಡಿ; ಪೂರ್ತಿ ಬಲ ಬರಲು 7 ದಿನ. 10 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಎಪಾಕ್ಸಿ ಹೆಚ್ಚುಕಡಿಮೆ ನಿದ್ದೆ ಹೋಗುತ್ತದೆ, ದೀಪವಿಟ್ಟು ಕಾಯಿಸಬೇಕು. ಹವೆಯ ಬಿಸಿಯಲ್ಲಷ್ಟೇ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ಕೆಲಸದ ಬಿಸಿ ಅದಕ್ಕಿಂತ 20ರಿಂದ 30 ಡಿಗ್ರಿ ಕೆಳಗಿರಬೇಕು. ನಿಮ್ಮ ತಣ್ಣೀರಿಗೆ ತೊಂದರೆಯಿಲ್ಲ. ಬಿಸಿನೀರಿನ ಲೈನಿಗೆ ಇದೇ ವಿಧಾನ ನಕಲು ಮಾಡಬೇಡಿ. ಹಬೆಗೂ ಅನಿಲಕ್ಕೂ ಬೇಡವೇ ಬೇಡ. ಥ್ರೆಡ್ ಇರುವ ಜಾಯಿಂಟಿಗೂ ಬೇಡ, ಥ್ರೆಡ್ ಕೊರೆದ ಕಡೆ ಗೋಡೆ ಮೊದಲೇ ತೆಳು, ನೀರು ಹಲ್ಲುಗಳ ಸುರುಳಿಯಲ್ಲೇ ಹರಿದು ಬರುತ್ತದೆ. ಆ ತುಂಡನ್ನೇ ಬದಲಿಸಿ. ಕುಡಿಯುವ ನೀರಿನ ಲೈನಾಗಿದ್ದರೆ ಕುಡಿಯುವ ನೀರಿಗೆ ಪ್ರಮಾಣಿತವಾದ ರೆಸಿನ್ನೇ ಬೇಕಾಗುತ್ತಿತ್ತು.

ಬೀಡುಕಬ್ಬಿಣದ ಹಳೆ ಪೈಪು ಇರುವವರಿಗೆ ಇಲ್ಲೇ ಒಂದು ಮಾತು: ಅದು ಹೊರನೋಟಕ್ಕೆ ಗಟ್ಟಿಯಾಗಿದ್ದು, ಚಾಕುವಿನಲ್ಲಿ ಕೆರೆದರೆ ಪೆನ್ಸಿಲ್ ಕಡ್ಡಿಯಂಥ ಕಪ್ಪು ಪುಡಿ ಉದುರಬಹುದು. ಕಬ್ಬಿಣ ಹೋಗಿ ಗ್ರಾಫೈಟ್ ಉಳಿದಿದೆ. ಅಂಟು ಆ ಪುಡಿಯನ್ನೇ ಹಿಡಿಯುತ್ತದೆ. ಗಟ್ಟಿ ಲೋಹ ಸಿಗುವ ತನಕ ಕೆರೆದು, ಉಳಿದ ದಪ್ಪ ನೋಡಿ ತೀರ್ಮಾನಿಸಿ. ಜಿಐ ಪೈಪಾದರೆ ಸತುವಿನ ಲೇಪವನ್ನು ಅಂಟುವ ಜಾಗದಲ್ಲಿ ಪೂರ್ತಿ ತೆಗೆಯಿರಿ.

ಬಾಳಿಕೆಯ ಪ್ರಶ್ನೆ. ಐಎಸ್‌ಒ 24817 ಇಂಥ ದುರಸ್ತಿಗೆ 2ರಿಂದ 20 ವರ್ಷದ ಆಯುಷ್ಯ ಹಿಡಿದು ಲೆಕ್ಕ ಹಾಕಲು ದಾರಿ ಕೊಡುತ್ತದೆ, ಆದರೆ ಅದು ಪರೀಕ್ಷಿಸಿದ ಸಾಮಗ್ರಿ, ತರಬೇತಾದ ಕೈ ಇದ್ದಾಗ. ಸುತ್ತು ಮುಗಿದಾಗ ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಿ: ಚುರುಕಾದ ಸದ್ದು ಬಂದರೆ ಹಿಡಿದಿದೆ, ಮಂಕು ಸದ್ದು ಬಂದ ಕಡೆ ಟೊಳ್ಳಿದೆ. ಟೊಳ್ಳು ತುದಿಯಂಚಿಗೆ ತಾಗಿದ್ದರೆ ಸುತ್ತನ್ನು ತೆಗೆದು ಮತ್ತೆ ಮಾಡುವುದೇ ಲೇಸು. ಆಮೇಲೆ ಒತ್ತಡವನ್ನು 2 ಬಾರ್‌ನಂತೆ ಮೆಲ್ಲಗೆ ಏರಿಸಿ, 6.6 ಬಾರ್‌ನಲ್ಲಿ ಒಂದು ಗಂಟೆ ನಿಲ್ಲಿಸಿ, ಎರಡೂ ತುದಿಗೆ ಒಣ ಟಿಶ್ಯೂ ಕಾಗದ ಸುತ್ತಿಡಿ. ಕಣ್ಣಿಗೆ ಬೀಳದ ಜಿನುಗು ಅದರಲ್ಲಿ ಕಾಣುತ್ತದೆ.

ಸರಿ ಬಂದರೆ ಬಿಸಿಲು ರೆಸಿನ್ನನ್ನು ಹುಡಿ ಮಾಡದಂತೆ ಮೇಲೆ ಪಾಲಿಯುರೆಥೇನ್ ಪೈಂಟು ಹೊಡೆಯಿರಿ, ದಿನಾಂಕ ಮತ್ತು ಪದರಗಳ ಸಂಖ್ಯೆ ಬರೆದಿಡಿ. ಪೈಪನ್ನು ಮತ್ತೆ ಅದೇ ಆ್ಯಂಗಲ್ ಮೇಲೆ, ಅದೂ ಸುತ್ತಿನ ಮೇಲೆಯೇ ಭಾರ ಬೀಳುವಂತೆ ಕೂರಿಸಬೇಡಿ. ಸಪೋರ್ಟನ್ನು ಸುತ್ತಿನ ಅಂಚಿನಿಂದ ಒಂದು ಅಡಿಯಾದರೂ ಆಚೆ ಸರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಅರ್ಧದುಂಡು ಕಡ್ಡಿಯನ್ನು ಉಬ್ಬು ಮೇಲಾಗಿ ಅಡ್ಡಲಾಗಿ ಇಡಿ. ಪೈಪು ತೀರ ಸಣ್ಣ ಜಾಗದಲ್ಲಷ್ಟೇ ತಾಗುತ್ತದೆ, ನೀರು ನಿಲ್ಲದೆ ಇಳಿದು ಹೋಗುತ್ತದೆ. ವರ್ಷಕ್ಕೊಮ್ಮೆ ಸುತ್ತಿನ ಎರಡೂ ಅಂಚಿನ ಪಕ್ಕದ ಬರಿ ಪೈಪಿನ ದಪ್ಪ ಅಳೆದು ಆ ದಿನಾಂಕದ ಕೆಳಗೇ ಬರೆಯಿರಿ. ಎರಡು ಅಳತೆಗಳ ನಡುವೆ ಅರ್ಧ ಮಿ.ಮೀ. ಇಳಿದಿದ್ದರೆ ಆ ಭಾಗದ ಪೈಪು ಬದಲಿಸುವ ಏರ್ಪಾಡು ಶುರುಮಾಡಿ.